ಯುರೋಪಿನ ಪುಟ್ಟ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್: ಕೊಟ್ಟ ದುಡ್ಡಿಗೆ ಸಿಗುವುದೇನು?

ಬೆಂಗಳೂರಿನಿಂದ ಇಟಲಿಯ ಫ್ಲಾರೆನ್ಸ್‌ಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದುಕೊಂಡಿದ್ದೀರಿ ಅಂದುಕೊಳ್ಳಿ. ಮ್ಯೂನಿಕ್‌ವರೆಗೆ ಲುಫ್ತಾನ್ಸಾದ ದೊಡ್ಡ ವಿಮಾನ. ಗುಂಡಿ ಒತ್ತಿದರೆ ಸೀಟು ಹಾಸಿಗೆಯಾಗುತ್ತದೆ, ಕಾಲು ಚಾಚಿ ಮಲಗಬಹುದು. ಮ್ಯೂನಿಕ್‌ನಲ್ಲಿ ಇಳಿದು ಏರ್ ಡೊಲೊಮಿಟಿ ಎಂಬ ಚಿಕ್ಕ ಕಂಪನಿಯ ಎಂಬ್ರೇರ್ ಎಂಬ ಪುಟ್ಟ ಜೆಟ್ ವಿಮಾನ ಹತ್ತುತ್ತೀರಿ. ಟಿಕೆಟ್‌ನಲ್ಲಿ ಇಲ್ಲೂ ಬಿಸಿನೆಸ್ ಕ್ಲಾಸ್ ಅಂತಲೇ ಇದೆ. ಆದರೆ ಮೊದಲ ಸಾಲಿನಲ್ಲಿ ಕೂತು ಹಿಂದೆ ತಿರುಗಿ ನೋಡಿದರೆ ಕೊನೆಯ ಸಾಲಿನವರೆಗೂ ಅದೇ ಸೀಟು, ಅದೇ ಅಗಲ. ನಡುವೆ ಒಂದು ಬಟ್ಟೆಯ ಪರದೆ, ಅಷ್ಟೇ ವ್ಯತ್ಯಾಸ.

ಮೊದಲ ಸಲ ನೋಡಿದವರಿಗೆ ಮೋಸ ಹೋದೆವಾ ಅನ್ನಿಸುವುದು ಸಹಜ. ಮೋಸ ಅಲ್ಲ. ಯುರೋಪಿನ ಒಳಗಿನ ಕಿರು ಹಾರಾಟಗಳಲ್ಲಿ ಬಿಸಿನೆಸ್ ಕ್ಲಾಸ್ ಎಂದರೆ ಬೇರೆ ಬಗೆಯ ಸೀಟಲ್ಲ, ಬೇರೆ ಬಗೆಯ ಟಿಕೆಟ್. ಇದೊಂದು ತಿಳಿದಿದ್ದರೆ ಯಾವಾಗ ಕೊಳ್ಳಬೇಕು, ಯಾವಾಗ ಬೇಡ, ಏನಾದರೂ ಎಡವಟ್ಟಾದರೆ ಎಷ್ಟು ಕೇಳಬೇಕು ಎಂಬುದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ. ನಮ್ಮವರು ಈಗ ಇಂಥ ಟಿಕೆಟ್‌ಗಳನ್ನು ಜಾಸ್ತಿ ಕೊಳ್ಳುತ್ತಿದ್ದಾರೆ. ಕಂಪನಿ ಕೆಲಸಕ್ಕೆ ಹೋಗುವವರು ಇರುತ್ತಾರೆ, ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರೂ ಇರುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು ಅನ್ನಿಸಿತು.

ಮೊದಲು ಇದರ ಹುಟ್ಟು ನೋಡೋಣ, ಯಾಕಂದರೆ ಉತ್ತರದ ಅರ್ಧ ಅಲ್ಲೇ ಇದೆ. 1970ರ ದಶಕದಲ್ಲಿ ವಿಮಾನಗಳಲ್ಲಿ ಇದ್ದದ್ದು ಎರಡೇ ದರ್ಜೆ: ಫಸ್ಟ್ ಮತ್ತು ಎಕಾನಮಿ. ಕೆಲಸದ ಮೇಲೆ ಓಡಾಡುವವರು ಎಕಾನಮಿಯಲ್ಲೇ ಪೂರ್ತಿ ದರ ಕೊಡುತ್ತಿದ್ದರು. ಅವರಿಗೆ ಕೊನೆಯ ಗಳಿಗೆಯಲ್ಲಿ ಟಿಕೆಟ್ ಬದಲಾಯಿಸುವ ಸ್ವಾತಂತ್ರ್ಯ ಬೇಕಿತ್ತು. ಪಕ್ಕದಲ್ಲಿ ಕೂತ ಪ್ರವಾಸಿ ರಿಯಾಯಿತಿ ದರದಲ್ಲಿ, ತೀರಾ ಕಡಿಮೆ ಕೊಟ್ಟು ಬಂದಿರುತ್ತಿದ್ದ. ಇಬ್ಬರಿಗೂ ಅದೇ ಸೀಟು, ಅದೇ ಊಟ. ಪೂರ್ತಿ ದುಡ್ಡು ಕೊಟ್ಟವರಿಗೆ ಇದು ಸರಿ ಕಾಣಲಿಲ್ಲ. ಡಚ್ ಕಂಪನಿ ಕೆಎಲ್ಎಂ 1976ರಲ್ಲಿ ‘ಫುಲ್ ಫೇರ್ ಫೆಸಿಲಿಟೀಸ್’ ಎಂಬ ವ್ಯವಸ್ಥೆ ತಂದಿತು. ಪೂರ್ತಿ ದರ ಕೊಟ್ಟವರನ್ನು ಎಕಾನಮಿಯ ಮುಂಭಾಗದಲ್ಲಿ, ಫಸ್ಟ್ ಕ್ಲಾಸಿನ ಬೆನ್ನಿಗೇ ಕೂರಿಸುವುದು. ಸೀಟು ಬದಲಾಗಲಿಲ್ಲ, ಕೂರುವ ಜಾಗ ಮಾತ್ರ ಬದಲಾಯಿತು. ಮುಂದೆ ಒಂದೊಂದೇ ಕಂಪನಿ ಇದೇ ದಾರಿ ಹಿಡಿದು ‘ಬಿಸಿನೆಸ್ ಕ್ಲಾಸ್’ ಎಂಬುದು ಬಂತು. ದೂರದ ಹಾರಾಟಗಳಲ್ಲಿ ಪೈಪೋಟಿ ಬೆಳೆದು ಅದು ಒರಗುವ ಸೀಟಾಯಿತು, ಆಮೇಲೆ ಹಾಸಿಗೆಯಾಯಿತು, ಈಗ ಬಾಗಿಲಿರುವ ಪುಟ್ಟ ಕೋಣೆಯೂ ಆಗಿದೆ. ಯುರೋಪಿನ ಒಂದು ಗಂಟೆಯ ಹಾರಾಟದಲ್ಲಿ ಮಾತ್ರ ಅದು ಹುಟ್ಟಿದ ರೂಪದಲ್ಲೇ ಉಳಿದುಕೊಂಡಿದೆ.

ಯಾಕೆ ಉಳಿಯಿತು? ಆ ಪರದೆಯನ್ನೇ ಹತ್ತಿರದಿಂದ ನೋಡಿ. ತಲೆಯ ಮೇಲಿನ ಲಗೇಜು ಗೂಡಿನ ಕೆಳಗೆ ಉದ್ದಕ್ಕೂ ಒಂದು ಹಳಿ ಇರುತ್ತದೆ. ಪರದೆಯೂ ಅದಕ್ಕೆ ಅಂಟಿಕೊಂಡ ಚಿಕ್ಕ ಹಲಗೆಯೂ ಆ ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತವೆ. ಪ್ರಯಾಣಿಕರು ಹತ್ತುವ ಮುಂಚೆ ಸಿಬ್ಬಂದಿ ಆ ಹಾರಾಟದ ಪಟ್ಟಿ ನೋಡುತ್ತಾರೆ, ಚಿಲಕ ಬಿಡಿಸುತ್ತಾರೆ, ಬೇಕಾದ ಸಾಲಿಗೆ ಎಳೆದು ಮತ್ತೆ ಸಿಕ್ಕಿಸುತ್ತಾರೆ. ಅರ್ಧ ನಿಮಿಷದ ಕೆಲಸ. ಸೋಮವಾರ ಬೆಳಗ್ಗೆ ಕಚೇರಿ ಕೆಲಸದವರು ತುಂಬಿದ್ದರೆ ಪರದೆ ಆರನೇ ಸಾಲಿನ ಹಿಂದೆ ಹೋಗುತ್ತದೆ. ಆಗಸ್ಟ್ ತಿಂಗಳ ಶನಿವಾರ ರಜೆಯ ಕುಟುಂಬಗಳೇ ಇದ್ದರೆ ಎರಡನೇ ಸಾಲಿನ ಹಿಂದೆ ಬಂದು ನಿಲ್ಲುತ್ತದೆ. ಅದೇ ವಿಮಾನ ದಿನಕ್ಕೆ ಹಲವು ಸಲ ಹಾರುತ್ತದೆ, ಒಂದೊಂದು ಹಾರಾಟಕ್ಕೂ ಬೇಡಿಕೆ ಬೇರೆ. ದೊಡ್ಡ ಸೀಟುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿಬಿಟ್ಟರೆ ಶನಿವಾರ ಅವು ಖಾಲಿ ಹಾರುತ್ತವೆ, ಸೋಮವಾರ ಸಾಲುವುದಿಲ್ಲ. ಈ ಎರಡು ನಷ್ಟವನ್ನೂ ಪರದೆ ತಪ್ಪಿಸುತ್ತದೆ.

ಹಿಂದೆ ಇದಕ್ಕೊಂದು ನಡುದಾರಿಯೂ ಇತ್ತು. ಮೂರು ಸೀಟಿನ ಸಾಲಿನಲ್ಲಿ ಒಂದು ಸನ್ನೆ (ಲಿವರ್) ತಿರುಗಿಸಿದರೆ ಸೀಟಿನ ತೋಳುಗಳು ಸರಿದು, ನಡುವಿನ ಸೀಟು ಕಿರಿದಾಗಿ, ಅಕ್ಕಪಕ್ಕದ ಎರಡೂ ಅಗಲವಾಗುತ್ತಿದ್ದವು. ಯುರೋಪಿನ ಹಲವು ಕಂಪನಿಗಳು ಇಂಥ ಸೀಟು ಇಟ್ಟುಕೊಂಡಿದ್ದವು. ಆದರೆ ಅವುಗಳ ತೂಕ ಜಾಸ್ತಿ, ರಿಪೇರಿಯೂ ಜಾಸ್ತಿ. ಮೇಲಾಗಿ 1990ರ ದಶಕದಲ್ಲಿ ಯುರೋಪಿನ ಆಕಾಶ ಒಂದೇ ಮಾರುಕಟ್ಟೆಯಾಗಿ ರಯಾನ್‌ಏರ್, ಈಸಿಜೆಟ್‌ನಂಥ ಅಗ್ಗದ ಕಂಪನಿಗಳು ದರ ಇಳಿಸಿದವು. ಹಳೆಯ ಕಂಪನಿಗಳಿಗೆ ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬಂತು. ತೆಳು ಸೀಟು ಬಂತು, ಸನ್ನೆಯ ಸೀಟು ಹೋಯಿತು. ಉಳಿದದ್ದು ಪರದೆ ಮತ್ತು ಪಕ್ಕದ ಖಾಲಿ ಸೀಟು.

ನಮಗೆ ಇದು ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹಾಗಿಲ್ಲ. ಏರ್ ಇಂಡಿಯಾದ ಏರ್‌ಬಸ್ ಎ320 ವಿಮಾನದ ಮುಂಭಾಗದಲ್ಲಿ 2-2 ಎಂದು (ಓಡಾಡುವ ದಾರಿಯ ಎರಡೂ ಕಡೆ ಎರಡೆರಡು) ಜೋಡಿಸಿದ 8 ದೊಡ್ಡ ಸೀಟು ಇರುತ್ತವೆ. ಇಂಡಿಗೋ 2024ರಲ್ಲಿ ಶುರು ಮಾಡಿದ ‘ಸ್ಟ್ರೆಚ್’ ಕೂಡ 12 ಅಗಲವಾದ ಸೀಟಿನದ್ದು. ದಿಲ್ಲಿಗೆ ಎರಡೂವರೆ ಮೂರು ಗಂಟೆ ಹಾರುವಾಗ ಸೀಟಿಗೆ ಬೆಲೆಯಿದೆ. ಅಮೆರಿಕದಲ್ಲಂತೂ ಎಂಬ್ರೇರ್ ಕುಟುಂಬದ್ದೇ ಆದ ಇ175 ವಿಮಾನದಲ್ಲಿ ಮುಂದಿನ 12 ಸೀಟನ್ನು 1-2 ಎಂದು ಜೋಡಿಸಿ, ಹಿಂದೆ 64 ಸಾಮಾನ್ಯ ಸೀಟು ಹಾಕುತ್ತಾರೆ. ಅಲ್ಲಿ ಪದೇ ಪದೇ ಹಾರುವ ಗಿರಾಕಿಗಳಿಗೆ ಮೇಲ್ದರ್ಜೆ ಕೊಟ್ಟು ಉಳಿಸಿಕೊಳ್ಳುವ ರೂಢಿ ಹಳೆಯದು, ದೂರವೂ ಜಾಸ್ತಿ. ಯುರೋಪಿನ ಕಡೆ ಟರ್ಕಿಶ್ ಏರ್‌ಲೈನ್ಸ್ ತನ್ನ ಹಲವು ಚಿಕ್ಕ ವಿಮಾನಗಳಲ್ಲೂ ನಿಜವಾದ ದೊಡ್ಡ ಸೀಟು ಇಟ್ಟಿದೆ. ಸೀಟೇ ಮುಖ್ಯ ಎನ್ನುವವರು ಇಸ್ತಾಂಬುಲ್ ದಾರಿ ನೋಡಬಹುದು.

ಇನ್ನು ಪುಟ್ಟ ಕಂಪನಿಗಳ ವಿಷಯಕ್ಕೆ ಬರೋಣ. ಏರ್ ಡೊಲೊಮಿಟಿ ಇಟಲಿಯ ವೆರೋನಾ ಪಕ್ಕದ ಕಂಪನಿ, 1989ರಲ್ಲಿ ಸ್ಥಾಪನೆಯಾದದ್ದು, ಈಗ ಲುಫ್ತಾನ್ಸಾ ಗುಂಪಿಗೆ ಸೇರಿದೆ. ಮ್ಯೂನಿಕ್, ಫ್ರಾಂಕ್‌ಫರ್ಟ್‌ನಿಂದ ಇಟಲಿಯ ಊರುಗಳಿಗೆ ಜನರನ್ನು ಮುಟ್ಟಿಸುವುದೇ ಅದರ ಮುಖ್ಯ ಕೆಲಸ. ಇದೇ ಕೆಲಸವನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಎಲ್ಎಂ ಸಿಟಿಹಾಪರ್ ಮಾಡುತ್ತದೆ, ಪ್ಯಾರಿಸ್‌ನಲ್ಲಿ ಏರ್ ಫ್ರಾನ್ಸಿನ ಹಾಪ್ ಮಾಡುತ್ತದೆ. ಬೆಂಗಳೂರಿನಿಂದ ಈ ಊರುಗಳಿಗೆ ನೇರ ವಿಮಾನಗಳಿವೆ. ಮ್ಯೂನಿಕ್‌ಗಂತೂ 2023ರ ನವೆಂಬರ್‌ನಿಂದ ಏರ್‌ಬಸ್ ಎ350 ಎಂಬ ದೊಡ್ಡ ವಿಮಾನ ಹಾರುತ್ತಿದೆ. ಹಾಗಾಗಿ ಯುರೋಪಿನ ಎರಡನೇ ಸಾಲಿನ ಊರಿಗೆ ಹೊರಟ ಕನ್ನಡಿಗರು ಕೊನೆಯ ಹಂತದಲ್ಲಿ ಇಂಥ ಪುಟ್ಟ ವಿಮಾನ ಹತ್ತುವುದು ಮಾಮೂಲು.

ಫ್ಲಾರೆನ್ಸ್‌ನಂಥ ಕಡೆ ಚಿಕ್ಕ ವಿಮಾನ ಬಿಟ್ಟರೆ ಗತಿಯೂ ಇಲ್ಲ. ಅಲ್ಲಿನ ಪೆರೆತೊಲಾ ನಿಲ್ದಾಣದ ರನ್‌ವೇ ಎರಡು ಕಿಲೋಮೀಟರಿಗೂ ಕಡಿಮೆ. ನಮ್ಮ ಕೆಂಪೇಗೌಡ ನಿಲ್ದಾಣದ್ದು 4,000 ಮೀಟರ್. ಒಂದು ಪಕ್ಕದಲ್ಲಿ ಗುಡ್ಡ ಬೇರೆ. ಗಾಳಿ ಸರಿಯಿಲ್ಲದಿದ್ದರೆ ವಿಮಾನವನ್ನು ಪೀಸಾಗೋ ಬೊಲೋನ್ಯಾಗೋ ತಿರುಗಿಸಿ, ಅಲ್ಲಿಂದ ಬಸ್ಸಿನಲ್ಲಿ ಕಳಿಸುತ್ತಾರೆ. ಯಾವ ದರ್ಜೆಯ ಟಿಕೆಟ್ ಇದ್ದರೂ ಬಸ್ಸು ಒಂದೇ.

ಎಂಬ್ರೇರ್ 195 ಒಳ್ಳೆಯ ವಿಮಾನ, ನನಗಂತೂ ಇಷ್ಟ. 120 ಸೀಟು, ಓಡಾಡುವ ದಾರಿಯ ಎರಡೂ ಕಡೆ ಎರಡೆರಡು. ನಡುವಿನ ಸೀಟು ಎಂಬ ಕಾಟವೇ ಇಲ್ಲ. ಸೀಟಿನ ಅಗಲ 18 ಇಂಚಿಗಿಂತ ಒಂಚೂರು ಹೆಚ್ಚು, ಬೋಯಿಂಗ್ 737ಗಿಂತ ಒಂದು ಇಂಚು ಜಾಸ್ತಿ. ಅಂದರೆ ಇಲ್ಲಿ ಎಕಾನಮಿಯೇ ಚೆನ್ನಾಗಿದೆ. ಬಿಸಿನೆಸ್‌ನಲ್ಲಿ ಪಕ್ಕದ ಸೀಟು ಖಾಲಿ ಬಿಡುತ್ತಾರೆ, ಹಾಗಾಗಿ ನಿಮ್ಮ ಕಡೆಯ ಎರಡೂ ಸೀಟು ನಿಮ್ಮದೇ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಎರಡು ಟಿಕೆಟ್ ತೆಗೆದು ಪಕ್ಕದ ಸೀಟಿಗೆ ಬ್ಯಾಗು ಇಟ್ಟ ಹಾಗೆ. ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರಿಗೆ, ಮೈಕೈ ದೊಡ್ಡದಿರುವವರಿಗೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರಿಗೆ ಇದು ಸಣ್ಣ ಸುಖವಲ್ಲ. ಆದರೆ ಮೊಣಕಾಲಿನ ಮುಂದಿನ ಜಾಗ ಹೆಚ್ಚುವುದಿಲ್ಲ. ಮಂಡಿ ನೋವಿನವರಿಗೆ ಬಿಸಿನೆಸ್ ಮಾಡಿಸಿದ್ದೇವೆ, ಕಾಲು ಚಾಚಬಹುದು ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಅವರಿಗೆ ನಿಜವಾಗಿ ಬೇಕಾದ್ದು ಗಾಲಿಕುರ್ಚಿ ನೆರವು. ಅದನ್ನು ಯಾವ ದರ್ಜೆಯವರೂ ಕೇಳಬಹುದು, ಯುರೋಪಿನಲ್ಲಿ ಅದಕ್ಕೆ ಪ್ರತ್ಯೇಕ ದುಡ್ಡಿಲ್ಲ. ಹೊರಡುವ 48 ಗಂಟೆ ಮುಂಚೆ ತಿಳಿಸಿದರೆ ಸಾಕು.

ಇನ್ನೊಂದು ಬಗೆ ಲಾಟ್ವಿಯಾದ ಏರ್‌ಬಾಲ್ಟಿಕ್. ರೀಗಾದಿಂದ ಹಾರುವ ಈ ಕಂಪನಿ 2016ರ ಕೊನೆಯಲ್ಲಿ ಏರ್‌ಬಸ್ ಎ220-300 ಮಾದರಿಯನ್ನು ಜಗತ್ತಿನಲ್ಲಿ ಮೊದಲು ಪಡೆದದ್ದು (ಆಗ ಅದರ ಹೆಸರು ಸಿಎಸ್300). 2020ರಲ್ಲಿ ಕೊರೊನಾ ಹೊಡೆತ ಬಿದ್ದಾಗ ಉಳಿದ ಬೋಯಿಂಗ್, ಕ್ಯೂ400 ವಿಮಾನಗಳನ್ನೆಲ್ಲ ಕೈಬಿಟ್ಟು ಎ220 ಒಂದನ್ನೇ ಇಟ್ಟುಕೊಂಡಿತು. ಇದರಲ್ಲಿ ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಸೀಟು. ಬಿಸಿನೆಸ್‌ನಲ್ಲಿ ಮೂರರ ಕಡೆ ನಡುವಿನದು ಖಾಲಿ. ವಿಶೇಷ ಏನೆಂದರೆ ಈ ವಿಮಾನದಲ್ಲಿ ನಡುವಿನ ಸೀಟೇ ಎಲ್ಲಕ್ಕಿಂತ ಅಗಲ, 19 ಇಂಚು. ನಡುವೆ ಸಿಕ್ಕಿಕೊಂಡವರಿಗೆ ಅಷ್ಟಾದರೂ ಇರಲಿ ಎಂದು ವಿನ್ಯಾಸ ಮಾಡಿದವರು ಯೋಚಿಸಿದ್ದಾರೆ. 2025ರಿಂದ ಏರ್‌ಬಾಲ್ಟಿಕ್ ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಹಾಕಿಸುತ್ತಿದೆ, ಅದು ಎಲ್ಲ ಪ್ರಯಾಣಿಕರಿಗೂ ಉಚಿತ. ಎಕಾನಮಿಯೇ ಇಷ್ಟು ಸುಧಾರಿಸಿದರೆ ಮುಂದಿನ ಸಾಲಿಗೆ ಹೆಚ್ಚು ದುಡ್ಡು ಯಾಕೆ ಎಂಬ ಪ್ರಶ್ನೆ ಗಟ್ಟಿಯಾಗುತ್ತದೆ, ಅಲ್ವಾ?

ಕೈಯಲ್ಲಿ ಒಯ್ಯುವ ಬ್ಯಾಗಿನ ವಿಷಯದಲ್ಲಿ ನಮ್ಮವರಿಗೆ ಆಗಾಗ ಪೇಚಾಟವಾಗುತ್ತದೆ. ಲುಫ್ತಾನ್ಸಾ ಗುಂಪಿನ ಬಿಸಿನೆಸ್ ಟಿಕೆಟ್‌ಗೆ ತಲಾ 8 ಕಿಲೋದ ಎರಡು ಕ್ಯಾಬಿನ್ ಬ್ಯಾಗು, ತಲಾ 32 ಕಿಲೋದ ಎರಡು ದೊಡ್ಡ ಲಗೇಜು ಬಿಡುತ್ತಾರೆ. ಕಾಗದದ ಮೇಲೆ ಇದು ಪುಟ್ಟ ವಿಮಾನಕ್ಕೂ ಅನ್ವಯಿಸುತ್ತದೆ. ಆದರೆ ಎಂಬ್ರೇರ್‌ನ ಗೂಡು ಚಿಕ್ಕದು. ಲಕ್ಸೆಂಬರ್ಗ್‌ನ ಲಕ್ಸೇರ್ ಹಾರಿಸುವ ಕ್ಯೂ400 ಎಂಬ ರೆಕ್ಕೆಫ್ಯಾನಿನ ವಿಮಾನದಲ್ಲಂತೂ ಇನ್ನೂ ಚಿಕ್ಕದು. ಚಕ್ರದ ಟ್ರಾಲಿ ಬ್ಯಾಗು ಹಿಡಿಸದಿದ್ದರೆ ಗೇಟಿನಲ್ಲೇ ಒಂದು ಚೀಟಿ ಕಟ್ಟುತ್ತಾರೆ. ಮೆಟ್ಟಿಲ ಬುಡದಲ್ಲಿ ಬಿಟ್ಟು ಹತ್ತಬೇಕು. ಆ ಚೀಟಿಯಲ್ಲಿ ಇಳಿದ ಕೂಡಲೇ ವಿಮಾನದ ಪಕ್ಕದಲ್ಲೇ ಕೊಡುತ್ತೇವೆ ಅಂತ ಇದೆಯಾ, ಅಥವಾ ಕೊನೆಯ ಊರಿನ ಹೆಸರಿದೆಯಾ ಎಂದು ಓದಿಕೊಳ್ಳಿ. ಎರಡನೆಯದಾದರೆ ಬ್ಯಾಗು ಬರುವುದು ಲಗೇಜು ಬೆಲ್ಟಿಗೆ. ಪಾಸ್‌ಪೋರ್ಟ್, ಔಷಧಿ, ಒಡವೆ, ಲ್ಯಾಪ್‌ಟಾಪ್ ಮೊದಲೇ ಹೆಗಲ ಚೀಲಕ್ಕೆ ಸೇರಿಸಿಟ್ಟಿದ್ದರೆ ಗೇಟಿನಲ್ಲಿ ಬ್ಯಾಗು ಬಿಚ್ಚಿ ಹುಡುಕುವ ಗಡಿಬಿಡಿ ತಪ್ಪುತ್ತದೆ.

ಊಟದ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮ್ಯೂನಿಕ್‌ನಿಂದ ಫ್ಲಾರೆನ್ಸ್ ಸುಮಾರು 500 ಕಿಲೋಮೀಟರ್, ಒಂದು ಗಂಟೆಯ ಆಸುಪಾಸಿನ ಹಾರಾಟ. ಮೇಲೇರುವ, ಕೆಳಗಿಳಿಯುವ ಹೊತ್ತು ಕಳೆದರೆ ಸಿಬ್ಬಂದಿಯ ಕೈಯಲ್ಲಿ ಉಳಿಯುವುದು ಅರ್ಧ ಗಂಟೆ. ಅಷ್ಟರಲ್ಲಿ ಒಂದು ತಣ್ಣನೆಯ ತಟ್ಟೆ, ಬ್ರೆಡ್ಡು, ಒಂದು ಸಿಹಿ, ಕಾಫಿ. ಇಟಲಿಯ ದಾರಿಯಲ್ಲಿ ತಟ್ಟೆಯಲ್ಲಿ ಚೀಸ್ ಜೊತೆ ಹಂದಿ ಮಾಂಸದ ತೆಳು ಹೋಳುಗಳಿರುವ ಸಾಧ್ಯತೆ ಇದೆ. ಸಸ್ಯಾಹಾರಿಗಳು ಹೊರಡುವ 24 ಗಂಟೆಗೆ ಮುಂಚೆಯಾದರೂ ವಿಶೇಷ ಊಟ ಕೇಳಬೇಕು. ಎವಿಎಂಎಲ್ ಎಂದರೆ ಭಾರತೀಯ ರೀತಿಯ ಸಸ್ಯಾಹಾರ, ವಿಜೆಎಂಎಲ್ ಎಂದರೆ ಜೈನರ ಊಟ, ವಿಜಿಎಂಎಲ್ ಎಂದರೆ ಹಾಲು ಮೊಟ್ಟೆಯೂ ಇಲ್ಲದ್ದು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬೆಂಗಳೂರು–ಮ್ಯೂನಿಕ್ ಹಾರಾಟಕ್ಕೆ ದಾಖಲಾದ ಕೋರಿಕೆ ಮುಂದಿನ ಪುಟ್ಟ ಹಾರಾಟಕ್ಕೂ ದಾಖಲಾಗಿದೆಯಾ ಅಂತ ಬೇರೆಯಾಗಿಯೇ ನೋಡಬೇಕು, ಎರಡೂ ಒಂದೇ ಟಿಕೆಟ್‌ನಲ್ಲಿದ್ದರೂ ಊಟ ತುಂಬಿಸುವ ಕಂಪನಿ ಬೇರೆ. ತೀರಾ ಕಿರು ಹಾರಾಟಗಳಲ್ಲಿ ವಿಶೇಷ ಊಟದ ಆಯ್ಕೆಯೇ ಇರುವುದಿಲ್ಲ. ಆಗ ಲೌಂಜಿನಲ್ಲೇ (ನಿಲ್ದಾಣದ ವಿಶ್ರಾಂತಿ ಕೋಣೆ) ಹೊಟ್ಟೆ ತುಂಬಿಸಿಕೊಂಡು ಹೊರಡುವುದು ಒಳ್ಳೆಯದು.

ನನ್ನ ಪ್ರಕಾರ ಈ ಟಿಕೆಟ್‌ನ ನಿಜವಾದ ತೂಕ ಇರುವುದು ನೆಲದ ಮೇಲೆ. ಚೆಕ್ ಇನ್ ಸಾಲು ಬೇರೆ, ಭದ್ರತಾ ತಪಾಸಣೆಯ ಸಾಲು ಹಲವು ಕಡೆ ಬೇರೆ, ಲಗೇಜಿಗೆ ಆದ್ಯತೆಯ ಚೀಟಿ, ಲೌಂಜ್. ರಾತ್ರಿಯೆಲ್ಲ ಹಾರಿ ಬಂದು ಮುಂದಿನ ವಿಮಾನಕ್ಕೆ ಮೂರು ಗಂಟೆ ಕಾಯಬೇಕಾದವರಿಗೆ ಸ್ನಾನದ ಕೋಣೆ, ಬಿಸಿ ತಿಂಡಿ, ಕೂರಲು ಶಾಂತ ಜಾಗ ಸಿಗುವುದು ದೊಡ್ಡದು. ಗಗನದಲ್ಲಿನ ಆ ಒಂದು ಗಂಟೆಗಿಂತ ಈ ಮೂರು ಗಂಟೆಯೇ ಮೈಗೆ ಹಿತ.

ಆದರೆ ಎಲ್ಲ ಕಡೆಯೂ ಈ ಆದ್ಯತೆ ನಡೆಯುವುದಿಲ್ಲ. ಪುಟ್ಟ ವಿಮಾನಗಳನ್ನು ಟರ್ಮಿನಲ್‌ಗೆ ಅಂಟಿಸಿ ನಿಲ್ಲಿಸುವುದು ಕಡಿಮೆ, ದೂರದ ಬಯಲಿನಲ್ಲಿ ನಿಲ್ಲಿಸಿರುತ್ತಾರೆ. ಮೊದಲು ಬಿಸಿನೆಸ್‌ನವರನ್ನು ಕರೆಯುತ್ತಾರೆ, ಅವರು ಹೋಗಿ ಬಸ್ಸು ಹತ್ತುತ್ತಾರೆ, ಉಳಿದವರೆಲ್ಲ ಬಂದು ಅದೇ ಬಸ್ಸು ತುಂಬಿದ ಮೇಲೆಯೇ ಅದು ಹೊರಡುವುದು. ಮೊದಲು ಹತ್ತಿದವರು ಬಸ್ಸಿನ ಮೂಲೆಯಲ್ಲಿ ಸಿಕ್ಕಿಕೊಂಡು ವಿಮಾನಕ್ಕೆ ಕೊನೆಗೆ ಏರುವುದೂ ಉಂಟು. ಹಾಗಾಗಿ ಬಸ್ಸು ಎಂದು ಗೊತ್ತಾದರೆ ನಿಧಾನವಾಗಿ ಹೋಗಿ ಬಾಗಿಲ ಪಕ್ಕ ನಿಲ್ಲಿ.

ಪಾಸ್‌ಪೋರ್ಟ್ ಸಾಲಿನ ಲೆಕ್ಕವೇ ಬೇರೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪೇ ಷೆಂಗನ್. ಅದರ ಒಳಕ್ಕೆ ಕಾಲಿಡುವ ಮೊದಲ ಊರಿನಲ್ಲೇ ವಲಸೆ ತಪಾಸಣೆ. ಅಂದರೆ ಫ್ಲಾರೆನ್ಸ್‌ಗೆ ಹೋಗುವವರಿಗೂ ಅದು ಮ್ಯೂನಿಕ್‌ನಲ್ಲೇ ಮುಗಿಯಬೇಕು. ಅಲ್ಲಿಂದ ಮುಂದಕ್ಕೆ ಅದು ದೇಶದೊಳಗಿನ ಪ್ರಯಾಣದ ಹಾಗೆ. 2025ರ ಅಕ್ಟೋಬರ್ 12ರಿಂದ ಯುರೋಪು ಹಂತ ಹಂತವಾಗಿ ಹೊಸ ಪ್ರವೇಶ–ನಿರ್ಗಮನ ದಾಖಲೆ ವ್ಯವಸ್ಥೆ ತಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಚಿತ್ರ, ಬಂದ ಹೋದ ದಿನಾಂಕ ಎಲ್ಲವೂ ಕಂಪ್ಯೂಟರಿಗೆ ಸೇರುತ್ತವೆ. ಮೊದಲ ಸಲ ದಾಖಲಿಸುವಾಗ ಸಮಯ ಹಿಡಿಯುತ್ತದೆ, ಬಿಸಿನೆಸ್ ಟಿಕೆಟ್ ತೋರಿಸಿದರೆ ಆ ಕೆಲಸ ಬೇಗ ಮುಗಿಯುವುದಿಲ್ಲ. ಒಂದು ಗಂಟೆಯೊಳಗೆ ಮುಂದಿನ ವಿಮಾನ ಹಿಡಿಯುವ ಟಿಕೆಟ್ ಸಿಕ್ಕರೂ ನಾನಾದರೆ ಎರಡು ಮೂರು ಗಂಟೆ ಅಂತರದ್ದನ್ನೇ ತೆಗೆದುಕೊಳ್ಳುತ್ತೇನೆ.

ಸರಿ, ದುಡ್ಡಿನ ಮಾತು. ಯುರೋಪಿನೊಳಗಿನ ಒಂದು ಗಂಟೆಯ ಹಾರಾಟಕ್ಕೆ ಮಾತ್ರ ಸ್ವಂತ ಜೇಬಿನಿಂದ ಬಿಸಿನೆಸ್ ಟಿಕೆಟ್ ಕೊಳ್ಳುವುದು ಬಹುತೇಕರಿಗೆ ಬೇಡದ ಖರ್ಚು. ಎಕಾನಮಿ ಟಿಕೆಟ್ ತೆಗೆದು, ಬೇಕಾದ ಸೀಟಿಗೂ ಒಂದು ಲಗೇಜಿಗೂ ಬೇರೆಯಾಗಿ ದುಡ್ಡು ಕೊಟ್ಟರೂ ತುಂಬಾ ಅಗ್ಗ ಬೀಳುತ್ತದೆ. ಇದಕ್ಕೆ ಅಪವಾದಗಳಿವೆ. ಎರಡು ದೊಡ್ಡ ಪೆಟ್ಟಿಗೆ ಇದ್ದರೆ, ಸಭೆ ಯಾವಾಗ ಮುಗಿಯುತ್ತದೋ ಗೊತ್ತಿಲ್ಲದೆ ಟಿಕೆಟ್ ಬದಲಾಯಿಸುವ ಸಂದರ್ಭವಿದ್ದರೆ, ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಿದ್ದರೆ ಲೆಕ್ಕ ಹಾಕಿ ನೋಡಬಹುದು. ಟಿಕೆಟ್ ಬದಲಾಯಿಸುವ ಸೌಲಭ್ಯ ಎಲ್ಲ ಬಿಸಿನೆಸ್ ಟಿಕೆಟ್‌ಗೂ ಇರುವುದಿಲ್ಲ, ಅಗ್ಗದ ಬಿಸಿನೆಸ್ ದರಗಳೂ ಈಗ ಕಟ್ಟುನಿಟ್ಟಾಗಿವೆ. ಷರತ್ತು ಓದದೆ ದುಡ್ಡು ಕೊಡಬೇಡಿ.

ದೂರದ ಟಿಕೆಟ್‌ಗೆ ಸೇರಿಕೊಂಡು ಬಂದಾಗ ಕಥೆ ಬೇರೆ. ಬೆಂಗಳೂರು–ಮ್ಯೂನಿಕ್ ಬಿಸಿನೆಸ್ ಟಿಕೆಟ್‌ಗೂ ಬೆಂಗಳೂರು–ಮ್ಯೂನಿಕ್–ಫ್ಲಾರೆನ್ಸ್ ಟಿಕೆಟ್‌ಗೂ ದರದಲ್ಲಿ ವ್ಯತ್ಯಾಸ ಎಷ್ಟೋ ಸಲ ಅತ್ಯಲ್ಪ, ಕೆಲವು ಸಲ ಉದ್ದದ ಟಿಕೆಟ್ಟೇ ಅಗ್ಗ. ನೇರ ವಿಮಾನ ಬೇಕೆನ್ನುವವರು ಹೆಚ್ಚು ಕೊಡಲು ಸಿದ್ಧರಿರುತ್ತಾರೆ. ಫ್ಲಾರೆನ್ಸ್‌ಗೆ ಹೋಗುವವರಿಗೆ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಲಂಡನ್ ಹೀಗೆ ಹತ್ತು ದಾರಿ, ಅವರನ್ನು ಸೆಳೆಯಲು ದರ ಇಳಿಸಬೇಕು. ಇಲ್ಲಿ ಪುಟ್ಟ ವಿಮಾನದ ಬಿಸಿನೆಸ್ ಸೀಟು ಹೆಚ್ಚುಕಡಿಮೆ ಪುಕ್ಕಟೆಯಾಗಿಯೇ ಬರುತ್ತದೆ, ಸುಮ್ನೆ ತೆಗೆದುಕೊಳ್ಳಿ. ಹಾಗಂತ ಅಗ್ಗ ಎಂದು ಉದ್ದದ ಟಿಕೆಟ್ ಕೊಂಡು ಮ್ಯೂನಿಕ್‌ನಲ್ಲೇ ಇಳಿದು ಹೋಗುವ ಉಪಾಯ ಬೇಡ. ಲಗೇಜು ಫ್ಲಾರೆನ್ಸ್‌ಗೆ ಹೋಗುತ್ತದೆ, ಒಂದು ಹಂತ ತಪ್ಪಿಸಿದರೆ ವಾಪಸು ಟಿಕೆಟ್ಟೂ ರದ್ದಾಗುತ್ತದೆ.

ಒಂದೇ ಟಿಕೆಟ್‌ನಲ್ಲಿ ಕೊಳ್ಳುವುದರ ಇನ್ನೊಂದು ಲಾಭ ಕಾನೂನಿನದು. ಇದನ್ನು ಪ್ರತಿಯೊಬ್ಬರೂ ತಿಳಿದಿರಲೇಬೇಕು. ಯುರೋಪಿಯನ್ ಒಕ್ಕೂಟದ 261/2004 ಎಂಬ ನಿಯಮದ ಪ್ರಕಾರ, ಕಂಪನಿಯ ತಪ್ಪಿನಿಂದ ಕೊನೆಯ ಊರಿಗೆ 3 ಗಂಟೆ ಅಥವಾ ಹೆಚ್ಚು ತಡವಾದರೆ ದೂರ ನೋಡಿ 250, 400 ಅಥವಾ 600 ಯೂರೋ ಪರಿಹಾರ. ಒಕ್ಕೂಟದೊಳಗಿಂದ ಹೊರಡುವ ಎಲ್ಲ ವಿಮಾನಗಳಿಗೂ, ಹೊರಗಿನಿಂದ ಒಳಗೆ ಬರುವ ಯುರೋಪಿನ ಕಂಪನಿಗಳ ವಿಮಾನಗಳಿಗೂ ಇದು ಅನ್ವಯ. ಬೆಂಗಳೂರಿನಿಂದ ಹೊರಟ ಲುಫ್ತಾನ್ಸಾ ಅರ್ಧ ಗಂಟೆ ತಡವಾಗಿ, ಅದರಿಂದ ಫ್ಲಾರೆನ್ಸ್ ವಿಮಾನ ತಪ್ಪಿ, ಮುಂದಿನದರಲ್ಲಿ ಐದು ಗಂಟೆ ತಡವಾಗಿ ಮುಟ್ಟಿದಿರಿ ಎಂದುಕೊಳ್ಳಿ. ಲೆಕ್ಕಕ್ಕೆ ಬರುವುದು ಐದು ಗಂಟೆ, ದೂರವೂ ಪೂರ್ತಿ ಪ್ರಯಾಣದ್ದು, ಹಾಗಾಗಿ 600 ಯೂರೋ. ಇದೇ ಎರಡನ್ನೂ ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಅರ್ಧ ಗಂಟೆಯ ತಡಕ್ಕೆ ಏನೂ ಇಲ್ಲ, ತಪ್ಪಿದ ವಿಮಾನಕ್ಕೆ ಹೊಸ ಟಿಕೆಟ್ ನೀವೇ ಕೊಳ್ಳಬೇಕು. ಈ ಮೊತ್ತ ಎಕಾನಮಿಗೂ ಬಿಸಿನೆಸ್‌ಗೂ ಒಂದೇ. ಗಾಳಿ ಮಳೆಯಿಂದ ತಡವಾದರೆ ಪರಿಹಾರ ಸಿಗುವುದಿಲ್ಲ, ಆದರೆ ಊಟ ಮತ್ತು ಬೇಕಾದರೆ ರಾತ್ರಿ ಉಳಿಯುವ ಹೋಟೆಲ್ ಕೊಡುವುದು ಆಗಲೂ ಕಂಪನಿಯ ಹೊಣೆ.

ಬಿಸಿನೆಸ್ ಟಿಕೆಟ್ ಇದ್ದವರನ್ನು ಎಕಾನಮಿಗೆ ಇಳಿಸಿದರೆ? ಅದೇ ನಿಯಮದ 10ನೇ ವಿಧಿ ಹೇಳುವುದು: 1,500 ಕಿಲೋಮೀಟರ್‌ವರೆಗಿನ ಹಾರಾಟಕ್ಕೆ ದರದ 30%, 3,500ವರೆಗೆ 50%, ಅದಕ್ಕಿಂತ ದೂರಕ್ಕೆ 75% ಏಳು ದಿನದೊಳಗೆ ವಾಪಸು. ಒಕ್ಕೂಟದೊಳಗಿನ ಹಾರಾಟ ಎಷ್ಟೇ ದೂರವಿದ್ದರೂ ಸಾಮಾನ್ಯವಾಗಿ 50% ದಾಟುವುದಿಲ್ಲ. ಯಾವ ದರದ ಮೇಲೆ ಎಂಬುದಕ್ಕೆ 2016ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿದೆ: ಇಳಿಸಿದ ಆ ಒಂದು ಹಾರಾಟದ ಪಾಲಿನ ಮೇಲೆ ಮಾತ್ರ. ಟಿಕೆಟ್‌ನಲ್ಲಿ ಪಾಲು ಬರೆದಿಲ್ಲದಿದ್ದರೆ ದೂರದ ಪ್ರಕಾರ ಹಂಚಬೇಕು. ದರ್ಜೆಗೆ ಸಂಬಂಧವಿಲ್ಲದ ತೆರಿಗೆಗಳನ್ನು ಕಳೆಯಬೇಕು.

ಲೆಕ್ಕ ಮಾಡಿಯೇ ನೋಡೋಣ. ತೆರಿಗೆ ಬಿಟ್ಟು ಒಂದು ಕಡೆಯ ದರ 2 ಲಕ್ಷ ರೂಪಾಯಿ ಅಂದುಕೊಳ್ಳಿ. ಬೆಂಗಳೂರು–ಮ್ಯೂನಿಕ್ ಸುಮಾರು 7,100 ಕಿಲೋಮೀಟರ್, ಮ್ಯೂನಿಕ್–ಫ್ಲಾರೆನ್ಸ್ 500. ಒಟ್ಟು 7,600ರಲ್ಲಿ 500ರ ಪಾಲು ಹೆಚ್ಚುಕಡಿಮೆ 13,000 ರೂಪಾಯಿ. ಅದರ 30% ಅಂದರೆ 4,000 ರೂಪಾಯಿಗೂ ಕಡಿಮೆ. ಬಿಸಿನೆಸ್‌ನಿಂದ ಇಳಿಸಿದರು ಎಂದು ಲಕ್ಷದ ಲೆಕ್ಕದಲ್ಲಿ ದುಡ್ಡು ಬರುತ್ತದೆ ಅಂದುಕೊಂಡವರಿಗೆ ಸಿಗುವುದು ಇಷ್ಟು. ಅದೇ ಬೆಂಗಳೂರು–ಮ್ಯೂನಿಕ್ ಹಂತದಲ್ಲಿ ಇಳಿಸಿದ್ದರೆ 1,87,000 ರೂಪಾಯಿಯ 75%, ಅಂದರೆ 1,40,000 ರೂಪಾಯಿ! ಭಾರತದಲ್ಲೂ ವಿಮಾನಯಾನ ನಿಯಂತ್ರಕ ಡಿಜಿಸಿಎ 2023ರಲ್ಲಿ ಅಂತರರಾಷ್ಟ್ರೀಯ ಹಾರಾಟಗಳಿಗೆ ದೂರ ನೋಡಿ ಇದೇ 30, 50, 75% ಮಾದರಿಯ ನಿಯಮ ತಂದಿದೆ.

ಸಮಾಧಾನದ ವಿಷಯ ಅಂದರೆ ಪುಟ್ಟ ವಿಮಾನದಲ್ಲಿ ಹೀಗೆ ಇಳಿಸುವುದು ಅಪರೂಪ. ಬಿಸಿನೆಸ್‌ನವರು ಜಾಸ್ತಿಯಾದರೆ ಪರದೆಯನ್ನು ಒಂದು ಸಾಲು ಹಿಂದಕ್ಕೆ ಎಳೆದರಾಯಿತು. ಕೊನೆಯ ಗಳಿಗೆಯಲ್ಲಿ ಇನ್ನೂ ಚಿಕ್ಕ ವಿಮಾನ ತಂದು ನಿಲ್ಲಿಸಿದಾಗ ಮಾತ್ರ ತೊಂದರೆ.

ಕೊನೆಗೆ, ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ‘ಹಾರಿಸುವವರು’ ಎಂಬ ಸಾಲು ನೋಡಿ. ಎಲ್‌ಎಚ್ (ಲುಫ್ತಾನ್ಸಾದ ಗುರುತು) ಎಂದು ಶುರುವಾಗುವ ಸಂಖ್ಯೆಯ ಹಾರಾಟ ಏರ್ ಡೊಲೊಮಿಟಿಯದ್ದಾಗಿರಬಹುದು. ಸ್ವಿಸ್ ಕಂಪನಿಯ ಟಿಕೆಟ್‌ಗೆ ಹೆಲ್ವೆಟಿಕ್ ಎಂಬ ಚಿಕ್ಕ ಕಂಪನಿಯ ಎಂಬ್ರೇರೋ ಏರ್‌ಬಾಲ್ಟಿಕ್‌ನ ಎ220ಯೋ ಬರಬಹುದು. ಯಾವ ವಿಮಾನ ಎಂದು ಗೊತ್ತಾದರೆ ಸೀಟಿನ ಜೋಡಣೆಯೂ ಬ್ಯಾಗಿನ ಗೂಡಿನ ಅಳತೆಯೂ ಗೊತ್ತಾಗುತ್ತದೆ. 261ರ ಅಡಿಯಲ್ಲಿ ಪರಿಹಾರ ಕೇಳಬೇಕಾದ್ದೂ ಹಾರಾಟ ನಡೆಸಿದ ಕಂಪನಿಯನ್ನೇ, ಟಿಕೆಟ್ ಮಾರಿದ ವೆಬ್‌ಸೈಟನ್ನಲ್ಲ. ವಿಮಾನವನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತಂದಿದ್ದರೆ ಮಾತ್ರ ಹೊಣೆ ಬಾಡಿಗೆಗೆ ತಂದ ಕಂಪನಿಯದ್ದು. ಬೋರ್ಡಿಂಗ್ ಪಾಸ್ ಎಸೆಯಬೇಡಿ, ತಡವಾದ ಹೊತ್ತು ಬರೆದಿಟ್ಟುಕೊಳ್ಳಿ. ಜರ್ಮನಿಯ ಕಾನೂನಿನಡಿ ಇಂಥ ಹಕ್ಕು ಕೇಳಲು ಆ ವರ್ಷದ ಕೊನೆಯಿಂದ 3 ವರ್ಷ ಅವಕಾಶವಿದೆ, ಹಾಗಾಗಿ ಪ್ರವಾಸ ಮುಗಿಸಿ ಊರಿಗೆ ಬಂದ ಮೇಲೆ ಅರ್ಜಿ ಹಾಕಿದರೂ ನಡೆಯುತ್ತದೆ.